ಅಮೆರಿಕದ ಇರಾಕಿ ಮತ್ತು ಹಿಸ್ಪಾನಿಕ್ ಸಮುದಾಯಗಳು: ಸಾಮಾಜಿಕ–ಆರ್ಥಿಕ ಸ್ಥಿತಿಗತಿಗಳ ತೌಲನಿಕ ವಿವೇಚನೆ

೧

ವಲಸೆಯನ್ನು ಕುರಿತ ಅಧ್ಯಯನಗಳಲ್ಲಿ ಎರಡು ಸಮುದಾಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ರೂಢಿಯಲ್ಲಿರುವ ಕ್ರಮ. ಆದಾಯ, ಶಿಕ್ಷಣ, ಉದ್ಯೋಗ, ವಸತಿ ಎಂಬ ತಲೆಬರಹಗಳ ಕೆಳಗೆ ಅಂಕಿಅಂಶಗಳನ್ನು ಜೋಡಿಸಿ, ಒಂದು ಸಮುದಾಯ ಮುಂದಿದೆ, ಇನ್ನೊಂದು ಹಿಂದಿದೆ ಎಂದು ತೀರ್ಮಾನಿಸಲಾಗುತ್ತದೆ. ಹಿಂದುಳಿಯುವಿಕೆಗೆ ಕಾರಣವೇನು ಎಂಬ ಪ್ರಶ್ನೆಗೆ ಉತ್ತರವನ್ನು ಬಹುಮಟ್ಟಿಗೆ ಆ ಸಮುದಾಯದ ‘ಸಂಸ್ಕೃತಿ’ಯಲ್ಲಿಯೇ ಹುಡುಕಲಾಗುತ್ತದೆ. ಇವರು ವ್ಯಾಪಾರದ ಜಾಣ್ಮೆಯುಳ್ಳವರು, ಅವರು ದುಡಿಮೆಗಾರರು ಆದರೆ ಓದಿನ ಕಡೆ ಒಲವಿಲ್ಲದವರು ಎಂಬಂಥ ಮಾತುಗಳು ಹುಟ್ಟಿಕೊಳ್ಳುವುದು ಹೀಗೆ. ಈ ಉತ್ತರ ಎಷ್ಟು ಸುಲಭವೋ ಅಷ್ಟೇ ಅಪಾಯಕಾರಿಯೂ ಹೌದು. ಬಡತನಕ್ಕೆ ಬಡವರ ಸ್ವಭಾವವೇ ಕಾರಣವೆಂದು ಒಪ್ಪಿಕೊಂಡ ಮೇಲೆ ಕಾನೂನು, ಮಾರುಕಟ್ಟೆ ಮತ್ತು ಪ್ರಭುತ್ವಗಳನ್ನು ಪ್ರಶ್ನಿಸುವ ಅಗತ್ಯವೇ ಉಳಿಯುವುದಿಲ್ಲ.

ಪ್ರಸ್ತುತ ಲೇಖನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಇರಾಕಿ ಮೂಲದವರು ಮತ್ತು ಹಿಸ್ಪಾನಿಕರ ಸಾಮಾಜಿಕ, ಆರ್ಥಿಕ ಸ್ಥಿತಿಗತಿಗಳನ್ನು ಹೋಲಿಸುವ ಪ್ರಯತ್ನ ಮಾಡುತ್ತದೆ. ಒಂದು ಸಮುದಾಯದ ಆರ್ಥಿಕ ಸ್ಥಿತಿಯನ್ನು ಅದರ ಸಂಸ್ಕೃತಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದು ಯಾವ ಕಾನೂನಿನ ಬಾಗಿಲಿನಿಂದ ಆ ದೇಶವನ್ನು ಪ್ರವೇಶಿಸಿತು ಎಂಬ ಸಂಗತಿ. ಆದ್ದರಿಂದ ಅಂಕಿಗಳಲ್ಲಿ ಒಂದೇ ಬಗೆಯಾಗಿ ಕಾಣುವ ಬಡತನಗಳು ವಾಸ್ತವದಲ್ಲಿ ಬೇರೆ ಬೇರೆಯಾಗಿರುತ್ತವೆ ಎಂಬುದು ಇಲ್ಲಿನ ಮುಖ್ಯ ಪ್ರಮೇಯ. ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬಾಟ್ ಅವರು ವಲಸಿಗರನ್ನು ‘ಬರಮಾಡಿಕೊಳ್ಳುವ ಸಂದರ್ಭ’ದ ಮಹತ್ವವನ್ನು ಎತ್ತಿ ತೋರಿಸಿದ್ದಾರೆ. ಸರ್ಕಾರದ ನೀತಿ, ದುಡಿಮೆಯ ಮಾರುಕಟ್ಟೆ ಮತ್ತು ಅಲ್ಲಿ ಮೊದಲೇ ನೆಲೆಸಿರುವ ಸ್ವಜನರ ಬಲ, ಈ ಮೂರೂ ಸೇರಿ ಆ ಸಂದರ್ಭ ರೂಪುಗೊಳ್ಳುತ್ತದೆ. ಈ ಲೇಖನ ಆ ಪರಿಕಲ್ಪನೆಯನ್ನೇ ನೆಲೆಯಾಗಿರಿಸಿಕೊಂಡಿದೆ.

೨. ಹೆಸರು ಮತ್ತು ಎಣಿಕೆ

ಹೋಲಿಕೆಗೆ ತೊಡಗುವ ಮುನ್ನ ಹೋಲಿಸಲಾಗುತ್ತಿರುವ ಹೆಸರುಗಳನ್ನೇ ಪರಿಶೀಲಿಸಬೇಕಾಗುತ್ತದೆ. ‘ಇರಾಕಿ’ ಎಂಬುದು ಒಂದು ದೇಶದಿಂದ ಬಂದ ಹೆಸರು. ‘ಹಿಸ್ಪಾನಿಕ್’ ಎಂಬುದು ಒಂದು ಭಾಷಾ ಪರಂಪರೆಯಿಂದ ಬಂದ ಹೆಸರು. ಎರಡೂ ಸಮಾನ ನೆಲೆಯ ವರ್ಗಗಳಲ್ಲ.

ಹಿಸ್ಪಾನಿಕ್ ಎಂಬ ಹೆಸರಿನಡಿ ಸುಮಾರು ಇಪ್ಪತ್ತು ದೇಶಗಳ ಮೂಲದವರು ಸೇರುತ್ತಾರೆ. ೧೮೪೮ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಿಂದ ಮೆಕ್ಸಿಕೋದ ಉತ್ತರ ಭಾಗ ಅಮೆರಿಕಕ್ಕೆ ಸೇರಿದಾಗ ಅಲ್ಲಿಯೇ ಇದ್ದವರ ವಂಶಸ್ಥರೂ ಇದರಲ್ಲಿದ್ದಾರೆ. ನಿನ್ನೆ ಗಡಿ ದಾಟಿದವರೂ ಇದ್ದಾರೆ. ೧೯೧೭ರಲ್ಲಿ ಪೌರತ್ವ ಪಡೆದ ಪೋರ್ಟೊರಿಕೊದವರೂ, ೧೯೬೬ರ ವಿಶೇಷ ಕಾಯ್ದೆಯಿಂದ ಖಾಯಂ ವಾಸದ ಹಕ್ಕು ಪಡೆದ ಕ್ಯೂಬನ್ನರೂ ಇದೇ ಹೆಸರಿನವರು. ೧೯೭೬ರಲ್ಲಿ ಅಮೆರಿಕದ ಸಂಸತ್ತು ಸ್ಪ್ಯಾನಿಷ್ ಮೂಲದವರ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದು ಕಾನೂನು ಮಾಡಿತು. ೧೯೮೦ರ ಜನಗಣತಿಯಲ್ಲಿ ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳಲಾಯಿತು. ೨೦೨೦ರ ಜನಗಣತಿಯ ಪ್ರಕಾರ ಹಿಸ್ಪಾನಿಕರ ಸಂಖ್ಯೆ ೬.೨ ಕೋಟಿಯನ್ನು ಮೀರಿದೆ. ಇದು ಒಟ್ಟು ಜನಸಂಖ್ಯೆಯ ಶೇ. ೧೮.೭ರಷ್ಟು.

ಇರಾಕಿಗಳ ವಿಷಯದಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಪಶ್ಚಿಮ ಏಷ್ಯಾದವರನ್ನು ಪೌರತ್ವಕ್ಕೆ ಅರ್ಹರಾದ ‘ಬಿಳಿಯರು’ ಎಂದು ಪರಿಗಣಿಸಬಹುದೇ ಎಂಬ ವಿವಾದದಲ್ಲಿ, ೧೯೧೫ರ ಮೇಲ್ಮನವಿ ನ್ಯಾಯಾಲಯದ ತೀರ್ಪೊಂದು ಸಿರಿಯನ್ನರ ಪರವಾಗಿ ಬಂದಿತು. ಅಂದು ಪೌರತ್ವದ ಬಾಗಿಲು ತೆರೆದ ಅದೇ ವರ್ಗೀಕರಣ, ಮುಂದೆ ಅವರನ್ನು ಎಣಿಕೆಯಲ್ಲಿ ಕಾಣದಂತೆ ಮಾಡಿತು. ೨೦೨೦ರ ಜನಗಣತಿಯಲ್ಲಿ ಬಿಳಿಯರೆಂಬ ಕಲಮಿನ ಕೆಳಗೆ ಮೂಲವನ್ನು ಬರೆಯಲು ಅವಕಾಶವಿದ್ದುದರಿಂದ, ಇರಾಕಿ ಎಂದು ಬರೆದವರು ಎರಡು ಲಕ್ಷಕ್ಕಿಂತ ಹೆಚ್ಚು ಎಂದು ತಿಳಿದುಬಂದಿತು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ವರ್ಗವೊಂದನ್ನು ಕಲ್ಪಿಸುವ ಅಧಿಕೃತ ತೀರ್ಮಾನ ಹೊರಬಿದ್ದದ್ದು ೨೦೨೪ರ ಮಾರ್ಚ್‌ನಲ್ಲಿ. ಇನ್ನು ‘ಇರಾಕಿ’ ಎಂಬ ಹೆಸರಿನೊಳಗೂ ಏಕತೆಯಿಲ್ಲ. ಅರಮೇಯಿಕ್ ಭಾಷೆಯ ಆಧುನಿಕ ರೂಪವನ್ನಾಡುವ ಕ್ಯಾಲ್ಡಿಯನ್ ಮತ್ತು ಅಸಿರಿಯನ್ ಕ್ರೈಸ್ತರು, ಷಿಯಾ ಹಾಗೂ ಸುನ್ನಿ ಅರಬರು, ಕುರ್ದರು, ಮ್ಯಾಂಡಿಯನ್ನರು ಎಲ್ಲರೂ ಇದರಲ್ಲಿದ್ದಾರೆ. ತಮ್ಮನ್ನು ಅರಬರೆಂದು ಕರೆಯುವುದನ್ನು ಕ್ಯಾಲ್ಡಿಯನ್ನರಲ್ಲಿ ಅನೇಕರು ಒಪ್ಪುವುದಿಲ್ಲ.

ಎಣಿಕೆ ಕೇವಲ ಆಡಳಿತದ ಅನುಕೂಲದ ವಿಷಯವಲ್ಲ. ೧೯೭೫ರಲ್ಲಿ ಮತದಾನದ ಹಕ್ಕುಗಳ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ನಿರ್ದಿಷ್ಟ ಪ್ರಮಾಣದಲ್ಲಿ ಸ್ಪ್ಯಾನಿಷ್ ಭಾಷಿಕರಿರುವ ಕಡೆ ಮತಪತ್ರವನ್ನು ಆ ಭಾಷೆಯಲ್ಲಿಯೂ ಒದಗಿಸಬೇಕಾಯಿತು. ಕಾಯ್ದೆ ಗುರುತಿಸಿದ ಭಾಷಾ ಅಲ್ಪಸಂಖ್ಯಾತರ ಪಟ್ಟಿಯಲ್ಲಿ ಅರಬ್ಬಿ ಭಾಷಿಕರು ಇರಲಿಲ್ಲ. ಹೆಸರಿದ್ದವರಿಗೆ ಭಾಷೆಯ ಹಕ್ಕು ಬಂದಿತು, ಹೆಸರಿಲ್ಲದವರಿಗೆ ಬರಲಿಲ್ಲ. ಆದರೆ ಆರು ಕೋಟಿ ಜನರನ್ನು ಒಳಗೊಳ್ಳುವ ಹೆಸರು ತನ್ನೊಳಗಿನ ಅಂತರಗಳನ್ನು ಮರೆಮಾಡುತ್ತದೆ ಎಂಬುದನ್ನೂ ಅಲ್ಲಗಳೆಯುವಂತಿಲ್ಲ.

೩. ಡೆಟ್ರಾಯ್ಟ್: ಒಂದೇ ನಗರ, ಎರಡು ದಾರಿ

ಈ ಎರಡು ಸಮುದಾಯಗಳ ಚರಿತ್ರೆ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರದಲ್ಲಿ ಒಂದೇ ಕಾಲಘಟ್ಟದಲ್ಲಿ ಆರಂಭವಾಗುವುದರಿಂದ ತೌಲನಿಕ ಅಧ್ಯಯನಕ್ಕೆ ಆ ನಗರ ಒಳ್ಳೆಯ ನಿದರ್ಶನವಾಗಿದೆ. ೧೯೧೪ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯಲ್ಲಿ ದಿನಕ್ಕೆ ಐದು ಡಾಲರ್ ಗಳಿಸುವ ಅವಕಾಶವನ್ನು ಘೋಷಿಸಿದ. ಈ ಸುದ್ದಿ ಜಗತ್ತಿನ ನಾನಾ ಮೂಲೆಗಳ ದುಡಿಯುವ ಜನರನ್ನು ಡೆಟ್ರಾಯ್ಟ್‌ನತ್ತ ಸೆಳೆಯಿತು. ಮೋಸುಲ್ ನಗರಕ್ಕೆ ಸಮೀಪದ ಟೆಲ್‌ಕೈಫ್ ಎಂಬ ಊರಿನ ಕ್ಯಾಲ್ಡಿಯನ್ನರು ಈ ನಗರಕ್ಕೆ ಬರತೊಡಗಿದ್ದು ಸರಿಸುಮಾರು ಆ ವರ್ಷಗಳಲ್ಲಿಯೇ. ಆಗಿನ್ನೂ ಇರಾಕ್ ಎಂಬ ದೇಶವೇ ಇರಲಿಲ್ಲ; ಅವರು ಆಟೊಮನ್ ಸಾಮ್ರಾಜ್ಯದ ಪ್ರಜೆಗಳಾಗಿ ಬಂದರು. ಅದೇ ದಶಕದಲ್ಲಿ ಮೆಕ್ಸಿಕೋದ ಕ್ರಾಂತಿಯ ಗೊಂದಲದಿಂದ ಹೊರಟವರು, ಟೆಕ್ಸಾಸ್‌ನಿಂದ ಮಿಷಿಗನ್‌ನ ಸಕ್ಕರೆ ಬೀಟ್ ಹೊಲಗಳಿಗೆ ಕೂಲಿಗಾಗಿ ಬಂದವರು ಕಾರ್ಖಾನೆಗಳನ್ನು ಸೇರಿದರು.

ಟೆಲ್‌ಕೈಫ್‌ನವರಲ್ಲಿ ಬಹುಪಾಲು ಕುಟುಂಬಗಳು ಕಾಲಕ್ರಮದಲ್ಲಿ ಕಿರಾಣಿ ವ್ಯಾಪಾರದತ್ತ ತಿರುಗಿದವು. ಮೊದಲು ಬಂದವನ ಅಂಗಡಿಯಲ್ಲಿ ಅನಂತರ ಬಂದ ನೆಂಟ ದುಡಿಯುವುದು, ಅಲ್ಲಿ ಕಸುಬು ಕಲಿತು ಬಂಧುಗಳಿಂದ ಕೈಸಾಲ ಪಡೆದು ತಾನೂ ಒಂದು ಅಂಗಡಿ ತೆರೆಯುವುದು ವಾಡಿಕೆಯಾಯಿತು. ಈ ಸಮುದಾಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಮೇರಿ ಸೆಂಗ್‌ಸ್ಟಾಕ್ ಅವರು ಕುಟುಂಬ, ಚರ್ಚು ಮತ್ತು ಅಂಗಡಿ ಈ ಮೂರರ ಹೆಣಿಗೆಯನ್ನು ವಿವರಿಸಿದ್ದಾರೆ. ಮೆಕ್ಸಿಕನ್ನರು ಕೂಲಿ ಮತ್ತು ಸಂಬಳದ ದುಡಿಮೆಯಲ್ಲಿಯೇ ಉಳಿದರು. ೧೯೨೯ರ ಆರ್ಥಿಕ ಕುಸಿತದ ನಂತರ ಕಾರ್ಖಾನೆಗಳು ಮುಚ್ಚಿದಾಗ ಮೊದಲು ಬೀದಿಗೆ ಬಿದ್ದವರಲ್ಲಿ ಅವರೂ ಇದ್ದರು. ೧೯೩೨ರಲ್ಲಿ ಡೆಟ್ರಾಯ್ಟ್‌ನಿಂದ ಅವರನ್ನು ರೈಲುಗಳಲ್ಲಿ ಮೆಕ್ಸಿಕೋಗೆ ಮರಳಿ ಕಳುಹಿಸಲಾಯಿತು. ಹಾಗೆ ಹೋದವರ ಮಕ್ಕಳಲ್ಲಿ ಅನೇಕರು ಅಮೆರಿಕದಲ್ಲಿಯೇ ಹುಟ್ಟಿದ ಪೌರರಾಗಿದ್ದರು. ಅದೇ ವರ್ಷ ಮೆಕ್ಸಿಕೋದ ಚಿತ್ರಕಾರ ದಿಯೆಗೊ ರಿವೇರಾ ಡೆಟ್ರಾಯ್ಟ್‌ನ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಫೋರ್ಡ್ ಕಾರ್ಖಾನೆಯ ದುಡಿಮೆಯನ್ನು ಚಿತ್ರಿಸುತ್ತಿದ್ದರು. ದುಡಿಮೆಯ ಚಿತ್ರ ನಗರದಲ್ಲಿ ಉಳಿಯಿತು. ದುಡಿದವರಲ್ಲಿ ಹಲವರು ಉಳಿಯಲಿಲ್ಲ.

ಇಲ್ಲಿ ಸ್ವಜನರ ಬಲ ಎಂಬ ಅಂಶದ ಪಾತ್ರ ಸ್ಪಷ್ಟವಾಗುತ್ತದೆ. ಆದರೆ ಅದನ್ನು ‘ವ್ಯಾಪಾರಿ ಸಂಸ್ಕೃತಿ’ ಎಂದು ಕರೆದು ಸುಮ್ಮನಾಗುವಂತಿಲ್ಲ. ೧೯೨೪ರ ವಲಸೆ ಕಾಯ್ದೆಯು ಇರಾಕಿಗೆ ವರ್ಷಕ್ಕೆ ನೂರು ಮಂದಿಯ ಮಿತಿ ಹಾಕಿತು. ಬಂದವರು ಕೆಲವರೇ, ಅವರೂ ಒಂದೇ ಊರಿನವರು, ಒಂದೇ ಚರ್ಚಿನವರು. ಪರಸ್ಪರ ನಂಬಿ ಸಾಲ ಕೊಡುವ ಸಣ್ಣ ಸಮುದಾಯ ರೂಪುಗೊಳ್ಳಲು ಈ ಮಿತಿಯೂ ಪರೋಕ್ಷವಾಗಿ ನೆರವಾಯಿತು ಎನ್ನಬಹುದು. ಮೆಕ್ಸಿಕೋಗೆ ಇಂಥ ಮಿತಿಯಿರಲಿಲ್ಲ. ಕೂಲಿಗೆ ಬೇಕಾದಾಗ ಕರೆಯುವ, ಬೇಡವಾದಾಗ ಕಳುಹಿಸುವ ನೀತಿ ಇತ್ತು. ೧೯೪೨ರಿಂದ ೧೯೬೪ರವರೆಗೆ ನಡೆದ ‘ಬ್ರಸೇರೊ’ ಯೋಜನೆಯಲ್ಲಿ ಸುಮಾರು ೪೬ ಲಕ್ಷ ಕೂಲಿ ಕರಾರುಗಳಿಗೆ ಸಹಿ ಬಿದ್ದಿತು. ಅಷ್ಟಾಗಿಯೂ ಹೊಲದ ಕೂಲಿಗಳು ೧೯೩೫ರ ಕಾರ್ಮಿಕ ಸಂಘಟನೆಯ ಕಾಯ್ದೆಯಿಂದಲೂ ೧೯೩೮ರ ಕನಿಷ್ಠ ವೇತನದ ಕಾಯ್ದೆಯಿಂದಲೂ ಹೊರಗುಳಿದಿದ್ದರು. ಕನಿಷ್ಠ ವೇತನದ ರಕ್ಷಣೆ ಹೊಲದ ಕೂಲಿಗಳಲ್ಲಿ ಒಂದು ಭಾಗಕ್ಕೆ ಮೊದಲ ಬಾರಿಗೆ ವಿಸ್ತರಣೆಯಾದದ್ದು ೧೯೬೬ರ ತಿದ್ದುಪಡಿಯಿಂದ.

೪. ಒಂದೇ ಕಾಯ್ದೆಯ ಎರಡು ಪರಿಣಾಮಗಳು

೧೯೬೫ರ ವಲಸೆ ಕಾಯ್ದೆಯನ್ನು ಉದಾರವಾದಿ ಸುಧಾರಣೆಯೆಂದು ಸಾಮಾನ್ಯವಾಗಿ ವರ್ಣಿಸಲಾಗುತ್ತದೆ. ಮೂಲ ದೇಶದ ಆಧಾರದ ಮೇಲಿನ ತಾರತಮ್ಯದ ಮಿತಿಗಳನ್ನು ಅದು ರದ್ದುಗೊಳಿಸಿ, ಕುಟುಂಬದವರನ್ನು ಕರೆಸಿಕೊಳ್ಳಲು ಆದ್ಯತೆ ನೀಡಿತು. ಟೆಲ್‌ಕೈಫ್‌ನ ಕುಟುಂಬಗಳಿಗೆ ಇದು ತೆರೆದ ಬಾಗಿಲು. ನೂರರ ಮಿತಿ ಹೋಯಿತು. ಅಣ್ಣ ತಮ್ಮಂದಿರು, ತಂದೆ ತಾಯಂದಿರು ಬಂದರು. ೧೯೬೭ರ ಜುಲೈನಲ್ಲಿ ಡೆಟ್ರಾಯ್ಟ್‌ನಲ್ಲಿ ನಡೆದ ದಂಗೆಯಲ್ಲಿ ೪೩ ಜನ ಸತ್ತರು. ಅನಂತರ ಬಿಳಿಯರೂ ದೊಡ್ಡ ಅಂಗಡಿ ಸಂಸ್ಥೆಗಳೂ ನಗರವನ್ನು ಬಿಡತೊಡಗಿದಾಗ, ತೆರವಾದ ಕಿರಾಣಿ ವ್ಯಾಪಾರವನ್ನು ಕ್ಯಾಲ್ಡಿಯನ್ನರು ತುಂಬಿದರು. ವ್ಯಾಪಾರ ಬೆಳೆಯಿತು, ಕುಟುಂಬಗಳು ಕ್ರಮೇಣ ಸೌತ್‌ಫೀಲ್ಡ್, ವೆಸ್ಟ್ ಬ್ಲೂಮ್‌ಫೀಲ್ಡ್, ಸ್ಟರ್ಲಿಂಗ್ ಹೈಟ್ಸ್‌ನಂಥ ಉಪನಗರಗಳಿಗೆ ಸರಿದವು. ಆದರೆ ಬಡ ಕಪ್ಪು ಜನರ ಕೇರಿಯಲ್ಲಿ ಹೊರಗಿನ ಅಂಗಡಿಕಾರನಾಗಿರುವುದರ ಬೆಲೆಯನ್ನೂ ಅವರು ತೆರಬೇಕಾಯಿತು. ಗಿರಾಕಿಗಳ ಅಸಮಾಧಾನ, ದರೋಡೆ, ಗಲ್ಲಾಪೆಟ್ಟಿಗೆಯ ಮುಂದಿನ ಸಾವು ಆ ಅನುಭವದ ಭಾಗಗಳೇ. ಎಡ್ನಾ ಬೊನಾಚಿಚ್ ೧೯೭೩ರಲ್ಲಿ ಮಂಡಿಸಿದ ‘ಮಧ್ಯವರ್ತಿ ಅಲ್ಪಸಂಖ್ಯಾತ’ರ ಸಿದ್ಧಾಂತಕ್ಕೆ ಇದೊಂದು ನಿದರ್ಶನ.

ಇದೇ ಕಾಯ್ದೆ ಪಶ್ಚಿಮ ಗೋಳಾರ್ಧದ ದೇಶಗಳಿಗೆ ಮೊದಲ ಬಾರಿಗೆ ಒಟ್ಟು ಮಿತಿಯನ್ನು ಹೇರಿತು. ೧೯೬೮ರಿಂದ ಜಾರಿಗೆ ಬಂದ ಈ ಮಿತಿ ವರ್ಷಕ್ಕೆ ೧,೨೦,೦೦೦. ೧೯೭೬ರ ತಿದ್ದುಪಡಿಯು ಪ್ರತಿ ದೇಶಕ್ಕೂ ೨೦,೦೦೦ದ ಮಿತಿಯನ್ನು ಅಲ್ಲಿಗೂ ವಿಸ್ತರಿಸಿತು. ಬ್ರಸೇರೊ ಯೋಜನೆ ಆಗಲೇ ನಿಂತಿತ್ತು. ಹೊಲ, ಕಟ್ಟಡ, ಮಾಂಸದ ಕಾರ್ಖಾನೆಗಳಿಗೆ ಕೂಲಿಗಳ ಅಗತ್ಯ ಮಾತ್ರ ನಿಂತಿರಲಿಲ್ಲ. ನಿನ್ನೆಯವರೆಗೆ ಕರಾರಿನ ಮೇಲೆ ಬರುತ್ತಿದ್ದ ಅದೇ ಜನ, ಅದೇ ಹೊಲಕ್ಕೆ, ಅದೇ ಕೆಲಸಕ್ಕೆ ದಾಖಲೆಯಿಲ್ಲದೆ ಬರುವವರಾದರು. ಬದಲಾದದ್ದು ಜನರಲ್ಲ, ಕಾನೂನು. ೧೯೮೬ರ ಕಾಯ್ದೆ ಸುಮಾರು ೨೭ ಲಕ್ಷ ಜನರಿಗೆ ಸಕ್ರಮ ವಾಸದ ಹಕ್ಕು ನೀಡಿತಾದರೂ, ದಾಖಲೆಯಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಅಪರಾಧವಾಗಿಸಿತು. ಪರಿಣಾಮವಾಗಿ ದುಡಿಮೆ ಗುತ್ತಿಗೆದಾರರ ನೆರಳಿಗೆ ಸರಿಯಿತು. ಕೂಲಿ ಕಡಿಮೆಯಾದರೂ ದೂರು ಕೊಡಲಾಗದ ಸ್ಥಿತಿ ಉಂಟಾಯಿತು.

೫. ಎರಡು ಬಗೆಯ ಬಡತನ

ಇರಾಕಿ ವಲಸೆಯ ಸ್ವರೂಪ ೧೯೯೧ರ ನಂತರ ಬದಲಾಯಿತು. ಸದ್ದಾಂ ಹುಸೇನ್ ವಿರುದ್ಧದ ದಂಗೆ ವಿಫಲವಾದಾಗ ಸೌದಿ ಅರೇಬಿಯಾದ ರಫ್ಹಾ ಶಿಬಿರ ಸೇರಿದ ಷಿಯಾ ನಿರಾಶ್ರಿತರಲ್ಲಿ ಹಲವರು ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ನೆಲೆಸಿದರು. ೧೯೯೬–೯೭ರಲ್ಲಿ ಗ್ವಾಮ್ ದ್ವೀಪದ ಮೂಲಕ ಕರೆತಂದ ಆರು ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಕುರ್ದರು. ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಕುರ್ದರ ದೊಡ್ಡ ನೆಲೆಯಾಗಿ ಬೆಳೆಯಿತು. ೨೦೦೩ರ ಯುದ್ಧ ಮತ್ತು ೨೦೦೬ರ ನಂತರದ ಮತೀಯ ಹಿಂಸೆ ಲಕ್ಷಾಂತರ ಜನರನ್ನು ಸಿರಿಯಾ, ಜೋರ್ಡಾನ್‌ಗಳಿಗೆ ಅಟ್ಟಿದವು. ೨೦೦೮ರಲ್ಲಿ ಅಮೆರಿಕ ತನಗಾಗಿ ದುಡಿದ ಇರಾಕಿಗಳಿಗೆ ವರ್ಷಕ್ಕೆ ಐದು ಸಾವಿರ ವಿಶೇಷ ವೀಸಾಗಳನ್ನು ನೀಡುವ ಕಾನೂನು ಮಾಡಿತು. ೨೦೦೯ರ ಆರ್ಥಿಕ ವರ್ಷವೊಂದರಲ್ಲಿಯೇ ೧೮,೦೦೦ಕ್ಕಿಂತ ಹೆಚ್ಚು ಇರಾಕಿ ನಿರಾಶ್ರಿತರು ಬಂದರು.

ಇವರು ಪ್ರವೇಶಿಸಿದ್ದು ೧೯೮೦ರ ನಿರಾಶ್ರಿತರ ಕಾಯ್ದೆಯ ಬಾಗಿಲಿನಿಂದ. ಬಂದ ದಿನದಿಂದಲೇ ದುಡಿಯುವ ಹಕ್ಕು, ಕೆಲವು ತಿಂಗಳ ನಗದು ನೆರವು, ವೈದ್ಯಕೀಯ ಸೌಲಭ್ಯ, ವರ್ಷದ ನಂತರ ಖಾಯಂ ವಾಸಕ್ಕೆ ಅರ್ಜಿ, ಐದು ವರ್ಷಗಳ ನಂತರ ಪೌರತ್ವದ ಅವಕಾಶ ಇವೆಲ್ಲ ಅವರಿಗಿದ್ದವು. ದಾಖಲೆಯಿಲ್ಲದ ಮೆಕ್ಸಿಕನ್ ಕೂಲಿಗೆ ಇವುಗಳಲ್ಲಿ ಒಂದೂ ಇಲ್ಲ. ಹೀಗಿದ್ದೂ ಹೊಸದಾಗಿ ಬಂದ ಇರಾಕಿಗಳು ಅಮೆರಿಕದ ಅರಬ್ ಮೂಲದವರಲ್ಲಿ ಅತ್ಯಂತ ಬಡವರ ಸಾಲಿಗೆ ಸೇರಿದರು. ಅರಬ್ ಕುಟುಂಬಗಳ ಒಟ್ಟಾರೆ ಮಧ್ಯಮಾಂಕ ಆದಾಯ ೨೦೦೬–೧೦ರ ಸಮೀಕ್ಷೆಯಲ್ಲಿ ರಾಷ್ಟ್ರದ ಮಧ್ಯಮಾಂಕಕ್ಕಿಂತ ಮೇಲಿದ್ದರೂ ಇರಾಕಿ ಕುಟುಂಬಗಳದ್ದು ಅದಕ್ಕಿಂತ ಕೆಳಗಿತ್ತು.

ಇದಕ್ಕೆ ಕಾರಣಗಳಿವೆ. ಬಂದವರಲ್ಲಿ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರು ಗಣನೀಯ ಪ್ರಮಾಣದಲ್ಲಿದ್ದರು. ಬಾಗ್ದಾದ್‌ನಲ್ಲಿ ಇಪ್ಪತ್ತು ವರ್ಷ ಚಿಕಿತ್ಸೆ ನೀಡಿದ ವೈದ್ಯನಾದರೂ ಅಮೆರಿಕದ ಪರವಾನಗಿ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲಿ ಬರೆದು, ಆಸ್ಪತ್ರೆಯ ತರಬೇತಿಯನ್ನು ಮತ್ತೆ ಮುಗಿಸಬೇಕು. ಆದರೆ ನಿರಾಶ್ರಿತರ ನೀತಿಯ ಗುರಿ ‘ಆದಷ್ಟು ಬೇಗ ಸ್ವಾವಲಂಬನೆ’. ಎಂದರೆ ಸಿಕ್ಕ ಮೊದಲ ಕೆಲಸವನ್ನು ಒಪ್ಪಿಕೊಳ್ಳುವುದು. ವಿಮಾನದ ಪ್ರಯಾಣದ ವೆಚ್ಚವೂ ಬಡ್ಡಿಯಿಲ್ಲದ ಸಾಲವೇ ಆಗಿದ್ದು, ಕೆಲವೇ ತಿಂಗಳಲ್ಲಿ ಅದರ ಕಂತುಗಳು ಆರಂಭವಾಗುತ್ತಿದ್ದವು. ಅವರು ಬಂದ ಕಾಲವೂ ಪ್ರತಿಕೂಲವಾಗಿತ್ತು. ೨೦೦೯ರಲ್ಲಿ ಮಿಷಿಗನ್‌ನ ನಿರುದ್ಯೋಗ ಪ್ರಮಾಣ ಶೇ. ೧೩ನ್ನು ಮೀರಿತ್ತು. ಇದರೊಂದಿಗೆ ಯುದ್ಧದ ಗಾಯಗಳು, ಗಂಡನನ್ನು ಕಳೆದುಕೊಂಡು ಮನೆ ನಡೆಸಬೇಕಾದ ಹೆಂಗಸರು, ಹೊಸ ಭಾಷೆ ಕಲಿಯುವ ವಯಸ್ಸು ಮೀರಿದ ಹಿರಿಯರು.

ಹಿಸ್ಪಾನಿಕರ ಬಡತನದ ಸ್ವರೂಪವೇ ಬೇರೆ. ೨೦೨೩ರಲ್ಲಿ ಅಮೆರಿಕದ ಕುಟುಂಬಗಳ ಮಧ್ಯಮಾಂಕ ಆದಾಯ ೮೦,೬೧೦ ಡಾಲರ್ ಇದ್ದಾಗ ಹಿಸ್ಪಾನಿಕ್ ಕುಟುಂಬಗಳದ್ದು ೬೫,೫೪೦ ಡಾಲರ್. ಬಡತನದ ಪ್ರಮಾಣ ದೇಶದಲ್ಲಿ ಶೇ. ೧೧.೧ ಇದ್ದರೆ ಹಿಸ್ಪಾನಿಕರಲ್ಲಿ ಶೇ. ೧೬.೬. ಆದರೆ ದುಡಿಮೆಯಲ್ಲಿ ತೊಡಗಿರುವವರ ಪ್ರಮಾಣ ಹಿಸ್ಪಾನಿಕರಲ್ಲಿ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು. ಕೆಲಸವಿಲ್ಲದೆ ಬಡವರಾದವರಿಗಿಂತ ಕೆಲಸವಿದ್ದೂ ಬಡವರಾಗಿ ಉಳಿದವರೇ ಇಲ್ಲಿ ಮುಖ್ಯ. ಕೂಲಿ ಕಡಿಮೆ, ಭದ್ರತೆ ಕಡಿಮೆ, ಆರೋಗ್ಯ ವಿಮೆಯಿಲ್ಲದವರ ಪ್ರಮಾಣ ಹೆಚ್ಚು. ಹೀಗಿದ್ದೂ ಅವರ ಆಯುರ್ಮಾನ ಇತರ ಬಿಳಿಯರಿಗಿಂತ ಕಡಿಮೆಯಿಲ್ಲ ಎಂಬ ಸಂಗತಿಯನ್ನು ಸಂಶೋಧಕರು ೧೯೮೦ರ ದಶಕದಿಂದಲೂ ‘ಹಿಸ್ಪಾನಿಕ್ ವಿರೋಧಾಭಾಸ’ವೆಂದು ಚರ್ಚಿಸುತ್ತ ಬಂದಿದ್ದಾರೆ.

ಸಂಕ್ಷೇಪವಾಗಿ ಹೇಳುವುದಾದರೆ, ಹೊಸ ಇರಾಕಿ ನಿರಾಶ್ರಿತನಲ್ಲಿ ಕಾಗದವಿದೆ, ಓದಿದೆ, ಅದಕ್ಕೆ ತಕ್ಕ ಕೆಲಸವಿಲ್ಲ. ದಾಖಲೆಯಿಲ್ಲದ ಹಿಸ್ಪಾನಿಕ್ ಕೂಲಿಯಲ್ಲಿ ಕೆಲಸವಿದೆ, ಕಾಗದವಿಲ್ಲ. ಮೊದಲನೆಯದು ಮೇಲಿನಿಂದ ಕುಸಿದುಬಿದ್ದವರ ಬಡತನ. ಎರಡನೆಯದು ಮೇಲೇರದಂತೆ ತಡೆಹಿಡಿಯಲ್ಪಟ್ಟವರ ಬಡತನ. ಆದಾಯದ ಕೋಷ್ಟಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುತ್ತವೆ. ಮೊದಲನೆಯದಕ್ಕೆ ಭಾಷಾ ತರಬೇತಿ ಮತ್ತು ಪದವಿಗಳ ಮಾನ್ಯತೆ ಪರಿಹಾರವಾಗಬಹುದು. ಎರಡನೆಯದಕ್ಕೆ ಅವು ಸಾಲವು, ಕಾನೂನಿನ ರಕ್ಷಣೆಯೇ ಬೇಕು.

ಈ ವ್ಯತ್ಯಾಸ ತವರಿನೊಂದಿಗಿನ ಸಂಬಂಧದಲ್ಲಿಯೂ ಕಾಣುತ್ತದೆ. ಮೆಕ್ಸಿಕೋಗೆ ೨೦೨೩ರಲ್ಲಿ ಹೊರಗಿನಿಂದ ಬಂದ ಹಣ ಆರು ಸಾವಿರ ಕೋಟಿ ಡಾಲರುಗಳನ್ನು ಮೀರಿತ್ತು. ಅದರ ಬಹುಪಾಲು ಅಮೆರಿಕದಿಂದ ಹೋದದ್ದು. ಮೆಕ್ಸಿಕನ್ ಕೂಲಿಯ ಗಳಿಕೆ ಎರಡು ಮನೆಗಳನ್ನು ಸಾಕುತ್ತದೆ. ಟೆಲ್‌ಕೈಫ್ ಮತ್ತು ನಿನೆವೆ ಬಯಲಿನ ಇತರ ಕ್ರೈಸ್ತ ಊರುಗಳನ್ನು ೨೦೧೪ರಲ್ಲಿ ಐಸಿಸ್ ಆಕ್ರಮಿಸಿದ ಮೇಲೆ, ಅನೇಕ ಇರಾಕಿ ಕುಟುಂಬಗಳಿಗೆ ಹಣ ಕಳುಹಿಸಲು ಅಲ್ಲಿ ಮನೆಯೇ ಉಳಿಯಲಿಲ್ಲ.

೬. ಸಾಹಿತ್ಯದ ಸಾಕ್ಷ್ಯ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಅಂತರ ಕೃತಿಗಳಲ್ಲಿಯೂ ಗೋಚರಿಸುತ್ತದೆ. ಟೆಕ್ಸಾಸ್‌ನ ಕೂಲಿಕಾರ ಕುಟುಂಬದಲ್ಲಿ ಹುಟ್ಟಿದ ತೊಮಾಸ್ ರಿವೇರಾ ಅವರ ೧೯೭೧ರ ಸ್ಪ್ಯಾನಿಷ್ ಕಾದಂಬರಿಯ ವಸ್ತು, ಹೊಲದಿಂದ ಹೊಲಕ್ಕೆ ಅಲೆಯುವ ದುಡಿಮೆ. ಸಾಂಡ್ರಾ ಸಿಸ್ನೆರೋಸ್ ಅವರ ೧೯೮೪ರ ಇಂಗ್ಲಿಷ್ ಕೃತಿ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ನಲ್ಲಿ ಷಿಕಾಗೋದ ಹುಡುಗಿಯೊಬ್ಬಳು ತನ್ನದೇ ಆದ ಮನೆಗಾಗಿ ಹಂಬಲಿಸುತ್ತಾಳೆ. ಬಾಗ್ದಾದ್‌ನಲ್ಲಿ ಪತ್ರಕರ್ತೆಯಾಗಿದ್ದು ೧೯೯೦ರ ದಶಕದಲ್ಲಿ ದೇಶ ಬಿಟ್ಟು ಮಿಷಿಗನ್‌ನಲ್ಲಿ ನೆಲೆಸಿದ ದುನ್ಯಾ ಮಿಖಾಯಿಲ್ ಅವರು ಅರಬ್ಬಿಯಲ್ಲಿ ಬರೆದ ಕವಿತೆಗಳ ಕೇಂದ್ರದಲ್ಲಿರುವುದು ಯುದ್ಧ ಮತ್ತು ಕಳೆದುಹೋದ ಊರು. ಒಂದು ಕಡೆ ಇನ್ನೂ ದೊರೆಯದ ಮನೆಯ ಕಥನ, ಮತ್ತೊಂದು ಕಡೆ ಇದ್ದು ಇಲ್ಲವಾದ ಮನೆಯ ಕಥನ. ಈ ಕೃತಿಗಳನ್ನೆಲ್ಲ ‘ವಲಸೆ ಸಾಹಿತ್ಯ’ ಎಂಬ ಒಂದೇ ತಲೆಬರಹದಡಿ ಓದುವಾಗ ಈ ಭೇದ ನಮ್ಮ ಗಮನದಿಂದ ತಪ್ಪಬಾರದು.

೭. ಬಾಗಿಲು ಮುಚ್ಚಿದಾಗ

ಕಾನೂನಿನ ಬಾಗಿಲೇ ನಿರ್ಣಾಯಕವೆಂಬ ವಾದಕ್ಕೆ ಬಲವಾದ ಸಾಕ್ಷ್ಯ ದೊರೆಯುವುದು ಬಾಗಿಲು ಬದಲಾದ ಸಂದರ್ಭಗಳಲ್ಲಿ. ೨೦೧೫ರಲ್ಲಿ ಮೆಕ್ಸಿಕೋದ ಗಡಿಯ ಮೂಲಕ ಬಂದು ಆಶ್ರಯ ಕೇಳಿದ ಇಪ್ಪತ್ತಕ್ಕೂ ಹೆಚ್ಚು ಕ್ಯಾಲ್ಡಿಯನ್ನರನ್ನು ಸ್ಯಾನ್ ಡಿಯಾಗೋ ಬಳಿಯ ಬಂಧನ ಕೇಂದ್ರದಲ್ಲಿ ತಿಂಗಳುಗಟ್ಟಲೆ ಇರಿಸಲಾಗಿತ್ತು. ಅಲ್ಲಿಂದ ಅನತಿದೂರದ ಎಲ್ ಕಾಹೋನ್ ಪಟ್ಟಣದಲ್ಲಿ ಸಾವಿರಾರು ಇರಾಕಿಗಳು ನಿರಾಶ್ರಿತರೆಂಬ ಮಾನ್ಯತೆಯೊಂದಿಗೆ ಬದುಕುತ್ತಿದ್ದರು. ಒಂದೇ ಜನ, ಒಂದೇ ಹಿಂಸೆಯಿಂದ ಪಾರಾಗಿ ಬಂದವರು. ವಿಮಾನದಲ್ಲಿ ಬಂದವರು ನಿರಾಶ್ರಿತರಾದರು. ಮೆಕ್ಸಿಕನ್ನರ ದಾರಿಯಲ್ಲಿ ಬಂದವರು ಬಂಧಿಗಳಾದರು.

೨೦೧೭ರ ಜನವರಿಯ ಪ್ರವೇಶ ನಿಷೇಧದ ಪಟ್ಟಿಯಲ್ಲಿದ್ದ ಇರಾಕಿನ ಹೆಸರನ್ನು, ಗಡೀಪಾರಾದವರನ್ನು ಮರಳಿ ಸ್ವೀಕರಿಸಲು ಅದು ಒಪ್ಪಿದ ಮೇಲೆ, ಮಾರ್ಚ್‌ನಲ್ಲಿ ಕೈಬಿಡಲಾಯಿತು. ಜೂನ್‌ನಲ್ಲಿ ಡೆಟ್ರಾಯ್ಟ್ ಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಇರಾಕಿಗಳನ್ನು ಬಂಧಿಸಲಾಯಿತು. ಅವರಲ್ಲಿ ಬಹುಪಾಲು ಕ್ಯಾಲ್ಡಿಯನ್ನರು; ಹಳೆಯ ಅಪರಾಧಗಳ ಕಾರಣದಿಂದ ಗಡೀಪಾರಿನ ಆದೇಶ ಹೊತ್ತೂ ದಶಕಗಳಿಂದ ಅಲ್ಲಿಯೇ ಬದುಕುತ್ತಿದ್ದವರು. ದೇಶದಾದ್ಯಂತ ಇಂಥ ಆದೇಶವಿದ್ದ ಇರಾಕಿಗಳು ಸುಮಾರು ೧,೪೦೦ ಮಂದಿ. ಶತಮಾನದ ವ್ಯಾಪಾರದ ಚರಿತ್ರೆ, ಉಪನಗರದ ಮನೆಗಳು, ಚರ್ಚುಗಳು ಯಾವುವೂ ಅವರನ್ನು ರಕ್ಷಿಸಲಿಲ್ಲ. ಡೆಟ್ರಾಯ್ಟ್‌ನ ಮೆಕ್ಸಿಕನ್ ಕೇರಿಯವರಿಗೆ ೧೯೩೨ರಿಂದ ಪರಿಚಿತವಾಗಿದ್ದ ಭಯ ಕ್ಯಾಲ್ಡಿಯನ್ ಮನೆಗಳನ್ನೂ ಹೊಕ್ಕಿತು. ೨೦೨೫ರ ಜನವರಿಯಲ್ಲಿ ನಿರಾಶ್ರಿತರ ಪ್ರವೇಶ ಯೋಜನೆಯನ್ನೇ ಸ್ಥಗಿತಗೊಳಿಸಿದಾಗ ಆ ಬಾಗಿಲು ಎಷ್ಟು ಅಸ್ಥಿರವೆಂಬುದು ಮತ್ತೊಮ್ಮೆ ಸಿದ್ಧವಾಯಿತು.

೮. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಇರಾಕಿ ಮತ್ತು ಹಿಸ್ಪಾನಿಕ್ ಎಂಬ ಹೆಸರುಗಳೆರಡೂ ತಮ್ಮೊಳಗೆ ಅಪಾರ ಭಿನ್ನತೆಗಳನ್ನು ಅಡಗಿಸಿಕೊಂಡಿವೆ. ವೆಸ್ಟ್ ಬ್ಲೂಮ್‌ಫೀಲ್ಡ್‌ನ ಕ್ಯಾಲ್ಡಿಯನ್ ವರ್ತಕನಿಗೂ ಡಿಯರ್‌ಬಾರ್ನ್‌ನ ಷಿಯಾ ನಿರಾಶ್ರಿತನಿಗೂ ಇರುವ ಅಂತರ, ಮಯಾಮಿಯ ಕ್ಯೂಬನ್ ಉದ್ಯಮಿಗೂ ಹೊಲದ ಮೆಕ್ಸಿಕನ್ ಕೂಲಿಗೂ ಇರುವ ಅಂತರದಂಥದ್ದೇ. ಈ ಅಂತರಗಳನ್ನು ಸಂಸ್ಕೃತಿಯ ಗುಣಗಳಿಂದ ವಿವರಿಸಲು ಸಾಧ್ಯವಾಗದಿದ್ದಾಗಲೂ, ಪ್ರವೇಶದ ಕಾಲ ಮತ್ತು ಕಾನೂನುಗಳಿಂದ ಬಹುಮಟ್ಟಿಗೆ ವಿವರಿಸಬಹುದಾಗಿದೆ. ಸಂಸ್ಕೃತಿಗೆ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಬಂಧುಬಳಗದ ಸಾಲ, ಚರ್ಚಿನ ಒಗ್ಗಟ್ಟು, ತವರಿಗೆ ಹಣ ಕಳುಹಿಸುವ ಹೊಣೆ ಇವೆಲ್ಲ ನಿಜವಾದ ಶಕ್ತಿಗಳು. ಆದರೆ ಅವು ಕೆಲಸ ಮಾಡುವುದು ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ.

ಕನ್ನಡದಲ್ಲಿ ‘ಸಮುದಾಯ’ ಎಂಬ ಪದವನ್ನು ಜಾತಿ, ಮತ, ಭಾಷೆ, ಪ್ರದೇಶ ಎಲ್ಲದಕ್ಕೂ ಸಮಾನವಾಗಿ ಬಳಸುವ ನಮಗೆ ಈ ಹೋಲಿಕೆ ಒಂದು ಎಚ್ಚರವನ್ನು ನೀಡುತ್ತದೆ. ಸಮುದಾಯವೊಂದು ಬಡವಾಗಿದೆ ಎಂದು ಬರೆಯುವಾಗ, ಆ ಹೆಸರನ್ನು ಇಟ್ಟವರು ಯಾರು, ಅದರೊಳಗೆ ಯಾರ ಬಡತನ ಎಂಥದ್ದು ಎಂದು ಕೇಳದೆ ಮುಂದುವರಿಯುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವುದಿಲ್ಲ.